ಸಹಿ ಹಾಕುವ ಮುಂಚೆ ಅರ್ಥವಾಗಬೇಕು



ದತ್ತಿ ಉಪನ್ಯಾಸವೆಂದರೆ ಪಂಪ, ಹರಿಹರ, ಕುಮಾರವ್ಯಾಸ, ಇಲ್ಲವೆ ನಮ್ಮ ಕಾಲದ ಕತೆ ಕಾದಂಬರಿಗಳು ವಿಷಯವಾಗುವುದು ರೂಢಿ. ಈ ಸಲ ಸಂಘಟಕರು ಕೊಟ್ಟ ವಿಷಯ ಬೇರೆ. ಮಾರುವವರಿಗೂ ಕೊಳ್ಳುವವರಿಗೂ ನಡುವೆ, ಕೆಲಸ ಕೊಡುವವರಿಗೂ ಮಾಡುವವರಿಗೂ ನಡುವೆ ಓಡಾಡುವ ಕಾಗದಗಳ ಭಾಷೆ. ಸಾಲಪತ್ರ, ವಿಮೆ ಪಾಲಿಸಿ, ವಾರಂಟಿ ಕಾರ್ಡು, ಬಿಸ್ಕತ್ತಿನ ಪೊಟ್ಟಣ, ಕಾರ್ಖಾನೆಯ ನೋಟಿಸ್ ಬೋರ್ಡು. ನಾನು ದುಡಿದದ್ದು ಬ್ಯಾಂಕಿನ ಸಾಲದ ವಿಭಾಗದಲ್ಲಿ, ಬಹುಪಾಲು ಈ ತುಮಕೂರು ಜಿಲ್ಲೆಯ ಶಾಖೆಗಳಲ್ಲೇ. ಅಲ್ಲಿ ಕಂಡದ್ದರಿಂದ ಹೇಳುತ್ತೇನೆ: ಒಬ್ಬ ಮನುಷ್ಯ ಬದುಕಿನಲ್ಲಿ ಓದಲೇಬೇಕಾದ ಬರಹ ಅವನು ಸಹಿ ಹಾಕುವ ಬರಹ. ಅದು ಅರ್ಥವಾಗದಿದ್ದರೆ ಹೊಲ ಹೋಗುತ್ತದೆ, ಒಡವೆ ಹೋಗುತ್ತದೆ. ಕಾರ್ಖಾನೆಯ ಬೋರ್ಡು ಅರ್ಥವಾಗದಿದ್ದರೆ ಬೆರಳೇ ಹೋಗುತ್ತದೆ.

ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ ಮಾಡಿದರು. ಅಂದಿನಿಂದ ಇಂದಿಗೆ ಕನ್ನಡ ಸಾಹಿತ್ಯ ತಲೆಯೆತ್ತಿದೆ, ಎಂಟು ಜ್ಞಾನಪೀಠ ಬಂದಿದೆ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯೂ ಬಂತು. ಸಾಲದ ಕಾಗದದ ಕನ್ನಡ ಮಾತ್ರ ಇನ್ನೂ ತಲೆ ತಗ್ಗಿಸಿಕೊಂಡೇ ನಿಂತಿದೆ. ಇದು ನನ್ನನ್ನು ಬಹಳ ಕಾಲದಿಂದ ನೋಯಿಸುತ್ತ ಬಂದಿರುವ ಸಂಗತಿ.

ನಾವು ಕೂತಿರುವ ಜಾಗವನ್ನೇ ನೋಡಿ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಈ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2014ರ ಸೆಪ್ಟೆಂಬರ್ 24ರಂದು ಪ್ರಧಾನಿಯವರು ಫುಡ್ ಪಾರ್ಕ್ ಉದ್ಘಾಟಿಸಿದರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಶುರುವಾಯಿತು. ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದ ಮನೆಗಳ ಮಕ್ಕಳು ಇವತ್ತು ಯೂನಿಫಾರ್ಮ್ ತೊಟ್ಟು ಗೇಟ್ ಪಾಸ್ ಹಿಡಿದು ಒಳಗೆ ಹೋಗುತ್ತಾರೆ. ಅಪ್ಪನ ಕಾಲದಲ್ಲಿ ಆ ಮನೆಗೆ ಬರುತ್ತಿದ್ದ ಕಾಗದವೆಂದರೆ ಪಹಣಿ, ಸೊಸೈಟಿಯ ಸುಸ್ತಿ ನೋಟಿಸು, ಮದುವೆಯ ಲಗ್ನಪತ್ರಿಕೆ. ಮಗನ ಕಾಲಕ್ಕೆ ಪಿಎಫ್, ಇಎಸ್‌ಐ, ಬೈಕಿನ ಇಎಂಐ, ತಾಯಿಯ ಸಂಘದ ಸಾಲ, ಆರೋಗ್ಯ ವಿಮೆ, ಮೊಬೈಲಿಗೆ ಬರುವ ನೂರೆಂಟು ಷರತ್ತು. ಒಂದೇ ತಲೆಮಾರಿನಲ್ಲಿ ಕಾಗದ ಇಷ್ಟೊಂದು ಹೆಚ್ಚಿತು. ಓದಿ ಹೇಳುವವರು ಹೆಚ್ಚಲಿಲ್ಲ.

ಸಾಲದಿಂದಲೇ ಶುರುಮಾಡುತ್ತೇನೆ, ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

ಬೈಕ್ ಕೊಳ್ಳಲು ಶೋರೂಮಿಗೆ ಹೋದ ಹುಡುಗನಿಗೆ 'ಬರೀ 12 ಪರ್ಸೆಂಟ್ ಫ್ಲ್ಯಾಟ್' ಎಂದು ಹೇಳುತ್ತಾರೆ ಎಂದುಕೊಳ್ಳಿ. 50,000 ರೂಪಾಯಿ ಸಾಲ, ಎರಡು ವರ್ಷ. ಲೆಕ್ಕ ಸುಲಭ: ವರ್ಷಕ್ಕೆ 6,000 ಬಡ್ಡಿ, ಎರಡು ವರ್ಷಕ್ಕೆ 12,000, ಒಟ್ಟು 62,000. ಅದನ್ನು 24 ಕಂತು ಮಾಡಿದರೆ ತಿಂಗಳಿಗೆ 2,583. ಹುಡುಗ ಒಪ್ಪುತ್ತಾನೆ. ಆದರೆ ಅವನು ಪ್ರತಿ ತಿಂಗಳೂ ಅಸಲಿನಲ್ಲಿ ಒಂದು ಪಾಲು ತೀರಿಸುತ್ತಲೇ ಇರುತ್ತಾನೆ. ವರ್ಷ ಕಳೆಯುವ ಹೊತ್ತಿಗೆ ಸುಮಾರು ಅರ್ಧ ಅಸಲು ಹಿಂದಕ್ಕೆ ಹೋಗಿರುತ್ತದೆ, ಬಡ್ಡಿ ಮಾತ್ರ ಪೂರಾ 50,000ದ ಮೇಲೇ ಬೀಳುತ್ತಿರುತ್ತದೆ. ಅದೇ 12 ಪರ್ಸೆಂಟನ್ನು ಉಳಿದ ಅಸಲಿನ ಮೇಲಷ್ಟೆ ಹಾಕಿದರೆ ಕಂತು ಸುಮಾರು 2,354. ಎರಡು ವರ್ಷದ ಒಟ್ಟು ಬಡ್ಡಿ 6,500ರೊಳಗೆ. ಹೆಚ್ಚುಕಡಿಮೆ ಅರ್ಧ! 'ಫ್ಲ್ಯಾಟ್' ಅಂದಾಗ ಅವನ ಮೇಲೆ ನಿಜವಾಗಿ ಬೀಳುವ ಬಡ್ಡಿ ವರ್ಷಕ್ಕೆ ಶೇ. 21.5ರ ಆಸುಪಾಸು.

ಇದನ್ನು ನಮ್ಮ ಹಳ್ಳಿಯ ಲೆಕ್ಕಕ್ಕೆ ತನ್ನಿ. ಶೇಕಡಾ, ವಾರ್ಷಿಕ ಎಂಬ ಮಾತು ಬರುವ ಮುಂಚಿನಿಂದ ನಮ್ಮ ಕಡೆ ಬಡ್ಡಿಯನ್ನು ಅಳೆಯುವ ಮಾತೊಂದು ಇದೆ: ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ. ಅಂದರೆ ನೂರಕ್ಕೆ ತಿಂಗಳಿಗೆ ಇಷ್ಟು. ಓದು ಬರಹ ಬಾರದ ಅಜ್ಜಿಗೂ ಎರಡು ರೂಪಾಯಿ ಬಡ್ಡಿಗೂ ಮೂರು ರೂಪಾಯಿ ಬಡ್ಡಿಗೂ ಇರುವ ವ್ಯತ್ಯಾಸ ಗೊತ್ತು, ಯಾವ ಮನೆಯಲ್ಲಿ ಸಾಲ ತರಬೇಕು ಎಂದು ಅವಳು ಅದರಿಂದಲೇ ತೀರ್ಮಾನಿಸುತ್ತಿದ್ದಳು. ಶೋರೂಮಿನ '12 ಪರ್ಸೆಂಟ್ ಫ್ಲ್ಯಾಟ್' ಆ ಅಜ್ಜಿಯ ಲೆಕ್ಕದಲ್ಲಿ ನೂರಕ್ಕೆ ಒಂದು ರೂಪಾಯಿ ಎಂಬತ್ತು ಪೈಸೆ. ಹುಡುಗ ಒಂದು ರೂಪಾಯಿ ಬಡ್ಡಿ ಎಂದುಕೊಂಡು ಸಹಿ ಹಾಕಿ ಬಂದಿರುತ್ತಾನೆ. ಅವನಿಗೆ ಯಾರೂ ಸುಳ್ಳು ಹೇಳಲಿಲ್ಲ. ಅವನಿಗೆ ತಿಳಿಯುವ ಅಳತೆಯಲ್ಲಿ ಹೇಳಲಿಲ್ಲ, ಅಷ್ಟೆ. ಸರಳ ಭಾಷೆ ಎಂದು ನಾನು ಕರೆಯುವುದು ಕಾಗದದ ಮೇಲೆ ಈ ಅಳತೆಯನ್ನು ಬರೆಯುವುದನ್ನು. ಓದುವವನು ಹೋಲಿಸಿ ನೋಡಿ, ಬೇಕು ಅಥವಾ ಬೇಡ ಎನ್ನುವುದಕ್ಕೆ ಆಗಬೇಕು.

ರಿಸರ್ವ್ ಬ್ಯಾಂಕು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಇಟ್ಟಿದೆ. 2024ರ ಏಪ್ರಿಲ್ 15ರ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲ ಮತ್ತು ಸಣ್ಣ ಉದ್ಯಮಗಳ ಸಾಲಕ್ಕೆ ಮುಖ್ಯಾಂಶಗಳ ಒಂದು ತಃಖ್ತೆ, ಬ್ಯಾಂಕಿನವರು ಕೆಎಫ್‌ಎಸ್ ಎನ್ನುತ್ತಾರೆ, ಕೊಡಲೇಬೇಕು. ಎಲ್ಲ ಖರ್ಚೂ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಓದಿ ವಿವರಿಸಬೇಕು, ಅರ್ಥವಾಯಿತೆಂದು ಒಪ್ಪಿಗೆ ಪಡೆಯಬೇಕು. ಅದರಲ್ಲಿ ಬರೆಯದ ಯಾವ ಶುಲ್ಕವನ್ನೂ ಸಾಲಗಾರ ಸ್ಪಷ್ಟವಾಗಿ ಒಪ್ಪದೆ ವಸೂಲು ಮಾಡುವಂತಿಲ್ಲ. ಏಳು ದಿನದ ಅಥವಾ ಅದಕ್ಕಿಂತ ದೀರ್ಘದ ಸಾಲವಾದರೆ ತಃಖ್ತೆ ಕೊಟ್ಟ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳಿವೆ, ಅಷ್ಟು ದಿನ ಆ ಷರತ್ತುಗಳನ್ನು ಬದಲಾಯಿಸುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಗಳಿಗೆ ಇದೇ ಬಗೆಯ ನಿಯಮ 2022ರ ಏಪ್ರಿಲ್‌ನಿಂದಲೇ ಇದೆ. ಸಂಘದ ಅಕ್ಕಂದಿರ ಕೈಯಲ್ಲಿರುವ ಲೋನ್ ಕಾರ್ಡು ಅವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು.

ನಿಯಮ ಬಂದಿದೆ, ಸರಿ. ನಿಯಮ ಪಾಲನೆಯ ರೀತಿ ಹೇಗಿರುತ್ತದೆ ಎಂಬುದನ್ನೂ ನೋಡಿದ್ದೇನೆ. ಇಂಗ್ಲಿಷ್ ಪತ್ರಗಳ ಕೊನೆಯಲ್ಲಿ ಒಂದು ಘೋಷಣೆ ಇರುತ್ತದೆ: ಮೇಲಿನ ಎಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ, ನಾನು ಅರ್ಥಮಾಡಿಕೊಂಡಿದ್ದೇನೆ ಎಂದು. ಕನ್ನಡದಲ್ಲಿ ಸಹಿ ಹಾಕುವವರಿಂದಲೂ ಹೆಬ್ಬೆಟ್ಟು ಒತ್ತುವವರಿಂದಲೂ ಅದನ್ನು ಪಡೆಯುತ್ತಾರೆ. ಆ ಘೋಷಣೆಯೇ ಇಂಗ್ಲಿಷಿನಲ್ಲಿದ್ದದ್ದನ್ನು ನಾನು ಕಂಡಿದ್ದೇನೆ. ಓದಿ ಹೇಳದೆಯೇ ಬೆರಳು ಹಿಡಿದು ಒತ್ತಿಸಿದ್ದನ್ನೂ ಕಂಡಿದ್ದೇನೆ. ಒಮ್ಮೆ ಕೊರಟಗೆರೆ ಕಡೆಯ ಒಬ್ಬ ಹೆಣ್ಣುಮಗಳು ಬೇರೊಂದು ಸಾಲ ಸಂಸ್ಥೆಯಿಂದ ಬಂದ ಪತ್ರವನ್ನು ನಮ್ಮ ಕೌಂಟರಿಗೆ ತಂದು 'ಸಾರ್, ಇದ್ರಲ್ಲಿ ಏನೈತೆ ನೋಡಿ' ಎಂದರು. ಎರಡು ಪುಟದ ಇಂಗ್ಲಿಷ್ ಪತ್ರ. ಅಡವಿಟ್ಟ ಒಡವೆಯ ಹರಾಜಿನ ದಿನಾಂಕ ಮೂರನೆಯ ಪ್ಯಾರಾದ ನಡುವೆ ಇತ್ತು. ಆ ದಿನಾಂಕಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಅವರು ಬಡ್ಡಿ ಕಟ್ಟಿ ಒಡವೆ ಉಳಿಸಿಕೊಂಡರು. 'ನಿಮ್ಮ ಒಡವೆಯನ್ನು ಇಂಥ ದಿನ ಹರಾಜು ಹಾಕುತ್ತೇವೆ. ಅದಕ್ಕೆ ಮುಂಚೆ ಇಷ್ಟು ಕಟ್ಟಿದರೆ ನಿಲ್ಲಿಸುತ್ತೇವೆ' ಎಂಬ ಎರಡು ಸಾಲು ಪತ್ರದ ಮೇಲ್ತುದಿಯಲ್ಲಿ ಕನ್ನಡದಲ್ಲಿ ಇದ್ದಿದ್ದರೆ ಅವರಿಗೆ ನಮ್ಮ ಕೌಂಟರಿನ ಅಗತ್ಯವೇ ಇರಲಿಲ್ಲ.

ಕನ್ನಡದಲ್ಲಿ ಕೊಟ್ಟರೆ ಸಾಕೇ? ಸಾಲದು. ಸಾಲಪತ್ರಗಳ ಕನ್ನಡದ ಒಂದು ಮಾದರಿ ವಾಕ್ಯ ಹೇಳುತ್ತೇನೆ: 'ಸಾಲಗಾರನು ಸುಸ್ತಿದಾರನಾದ ಪಕ್ಷದಲ್ಲಿ ಸಾಲದಾತ ಸಂಸ್ಥೆಯು ತನ್ನ ಸ್ವವಿವೇಚನೆಯ ಮೇರೆಗೆ ಸಮಗ್ರ ಬಾಕಿ ಮೊತ್ತವನ್ನು ತತ್‌ಕ್ಷಣದಿಂದ ವಸೂಲಿಯೋಗ್ಯವೆಂದು ಘೋಷಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿರುತ್ತದೆ.' ಲಿಪಿ ಕನ್ನಡ, ವಿಭಕ್ತಿ ಪ್ರತ್ಯಯ ಕನ್ನಡ. ಎಂ.ಎ. ಓದಿದವರೂ ಎರಡು ಸಲ ಓದಬೇಕು. ಈಗ ಇದನ್ನು ಮಾತಿನ ಕನ್ನಡಕ್ಕೆ ತರೋಣ: 'ನೀವು ಕಂತು ಕಟ್ಟದಿದ್ದರೆ, ಉಳಿದ ಸಾಲವನ್ನೆಲ್ಲ ಒಂದೇ ಸಲ ಕಟ್ಟಿ ಎಂದು ನಾವು ಕೇಳಬಹುದು.'

ಹೀಗೆ ಬರೆದ ಕೂಡಲೇ ಏನಾಗುತ್ತದೆ ಗಮನಿಸಿ. ಎದುರಿಗಿರುವ ರೈತ ಕೇಳುತ್ತಾನೆ: 'ಎಷ್ಟು ಕಂತು ತಪ್ಪಿದ್ರೆ? ಒಂದಾ, ಮೂರಾ? ಕೇಳೋ ಮುಂಚೆ ತಿಳಿಸ್ತೀರಾ, ಟೈಮ್ ಕೊಡ್ತೀರಾ?' ಮೊದಲ ವಾಕ್ಯ ಓದಿದಾಗ ಈ ಪ್ರಶ್ನೆಗಳು ಯಾರ ತಲೆಗೂ ಬರುವುದಿಲ್ಲ. ಕ್ಲಿಷ್ಟ ವಾಕ್ಯ ಅರ್ಥವನ್ನು ಮುಚ್ಚುವುದರ ಜೊತೆಗೆ ತನ್ನೊಳಗಿನ ಖಾಲಿ ಜಾಗವನ್ನೂ ಮುಚ್ಚುತ್ತದೆ. ಕಾನೂನು ವಿಭಾಗದವರು ಯಾವಾಗಲೂ ಒಂದು ಮಾತು ಹೇಳುತ್ತಾರೆ, ಸರಳವಾಗಿ ಬರೆದರೆ ಖಚಿತತೆ ಹೋಗುತ್ತದೆ ಎಂದು. ನನ್ನ ಅನುಭವ ಇದಕ್ಕೆ ನೇರ ವಿರುದ್ಧ. ಸರಳವಾಗಿ ಬರೆಯಲು ಕುಳಿತಾಗಲೇ ಎಷ್ಟು ಕಂತು, ಎಷ್ಟು ದಿನ, ಯಾರಿಗೆ ದೂರು ಎಂಬುದನ್ನು ಖಚಿತಪಡಿಸಬೇಕಾಗುತ್ತದೆ. 'ಸ್ವವಿವೇಚನೆ' ಎಂದು ಬರೆದವರು ಇದ್ಯಾವುದನ್ನೂ ಹೇಳುವ ಕಷ್ಟ ತೆಗೆದುಕೊಳ್ಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂಬ ಒಂದು ವರ್ಗವನ್ನೇ ಗುರುತಿಸಿದೆ. ಗ್ರಾಹಕನ ಹಕ್ಕುಗಳಿಗೆ ದೊಡ್ಡ ಏಟು ಕೊಡುವ ಏಕಪಕ್ಷೀಯ ಷರತ್ತುಗಳು ಅದರಡಿ ಬರುತ್ತವೆ. ಇಂಥ ಷರತ್ತುಗಳು ಅಡಗಿ ಕೂರುವುದು ಇಂಥ ವಾಕ್ಯಗಳಲ್ಲೇ.

ಸರಳ ಕನ್ನಡವೆಂದರೆ ಅಚ್ಚಗನ್ನಡ ಎಂದು ಯಾರೂ ತಿಳಿಯಬೇಡಿ. ಬಾಕಿ, ಜಾಮೀನು, ವಸೂಲಿ, ಕಂತು, ಚೆಕ್ಕು, ಇಎಂಐ, ಎಲ್ಲವೂ ಜನರ ಬಾಯಲ್ಲಿವೆ, ಎಲ್ಲವೂ ಕನ್ನಡವೇ. ಯಾರೂ ಆಡದ ಹೊಸ ಪದವನ್ನು ತಂದು ಕಾಗದಕ್ಕೆ ಅಂಟಿಸುವುದು ಇಂಗ್ಲಿಷ್ ಬರೆದಷ್ಟೇ ದೂರ ಮಾಡುತ್ತದೆ.

ಇನ್ನು ಅಂಗಡಿಯ ವಿಷಯ. 2011ರ ಪೊಟ್ಟಣ ಸರಕುಗಳ ತೂಕ ಅಳತೆ ನಿಯಮಗಳಾಗಲಿ, 2020ರ ಆಹಾರ ಲೇಬಲ್ ನಿಯಮಗಳಾಗಲಿ, ಕೇಳುವುದು ಇಂಗ್ಲಿಷ್ ಇಲ್ಲವೆ ದೇವನಾಗರಿಯ ಹಿಂದಿ. ಬೇರೆ ಭಾಷೆ ಜೊತೆಗೆ ಇದ್ದರೆ ಅಡ್ಡಿಯಿಲ್ಲ ಎನ್ನುತ್ತವೆ. ಅಂದರೆ ಪಾವಗಡದ ಕಡಲೆಕಾಯಿ ಇಲ್ಲೇ ಹುರಿದು, ಇಲ್ಲೇ ಪ್ಯಾಕ್ ಆಗಿ, ಮಧುಗಿರಿಯ ಅಂಗಡಿಯಲ್ಲಿ ಮಾರಾಟವಾದರೂ ಕೇಂದ್ರದ ನಿಯಮದಂತೆ ಅದರ ಮೇಲೆ ಒಂದಕ್ಷರ ಕನ್ನಡ ಬೇಕಿಲ್ಲ. ಕಡಲೆಕಾಯಿ, ಹಾಲು, ಗೋಧಿಯಂತಹ ಅಲರ್ಜಿ ತರುವ ಪದಾರ್ಥ ಒಳಗಿದ್ದರೆ ಎಚ್ಚರಿಕೆ ಬರೆಯಬೇಕೆಂಬ ನಿಯಮವಿದೆ. ಆ ಎಚ್ಚರಿಕೆ ತಲುಪಬೇಕಾದ ತಾಯಿಗೆ ಓದಲು ಬರುವುದು ಕನ್ನಡ. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022, ಈ ಕೊರತೆಯನ್ನು ತುಂಬಲು ಬಂದಿದೆ: ರಾಜ್ಯದಲ್ಲಿ ತಯಾರಾಗಿ ರಾಜ್ಯದಲ್ಲಿ ಮಾರಾಟವಾಗುವ ಸರಕಿನ ಹೆಸರು, ಬಳಸುವ ಸೂಚನೆ ಬೇರೆ ಭಾಷೆಗಳ ಜೊತೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ನನ್ನ ಮಟ್ಟಿಗೆ ಹೆಸರಿಗಿಂತ ಸೂಚನೆ ದೊಡ್ಡದು. ಬ್ರ್ಯಾಂಡಿನ ಹೆಸರನ್ನು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದು, ಬಳಸುವ ಕ್ರಮವನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ಗ್ರಾಹಕನಿಗೆ ಸಿಕ್ಕಿದ್ದು ಏನೂ ಇಲ್ಲ.

ಓಆರ್‌ಎಸ್ ಪೊಟ್ಟಣವನ್ನು ನೆನೆಸಿಕೊಳ್ಳಿ. ಮಗುವಿಗೆ ಭೇದಿಯಾದಾಗ ಮೆಡಿಕಲ್ ಸ್ಟೋರಿನಲ್ಲಿ ಕೊಡುವುದು. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕಲಸಬೇಕು, ಚಿಕ್ಕದನ್ನು 200 ಮಿಲಿಲೀಟರಿಗೆ, ಅಂದರೆ ಒಂದು ಲೋಟಕ್ಕೆ. ಒಂದು ಲೀಟರಿನದನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು ಐದು ಪಟ್ಟಾಗಿ ಮಗುವಿಗೆ ಅಪಾಯ. ಈ ಎರಡು ಪೊಟ್ಟಣಗಳ ನಡುವಿನ ವ್ಯತ್ಯಾಸ ಒಂದು ಸಾಲಿನ ಬರಹದಲ್ಲಿದೆ. 'ಇದನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ' ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲು ಎಷ್ಟು ಜಾಗ ಬೇಕು? ಪೊಟ್ಟಣದ ಮೇಲಿನ ಹೆಸರೂ ದಾರಿ ತಪ್ಪಿಸಬಹುದು: ಹೆಸರಿನಲ್ಲಿ ಓಆರ್‌ಎಸ್ ಎಂದಿಟ್ಟುಕೊಂಡು ಮಾರುತ್ತಿದ್ದ ಸಕ್ಕರೆಯ ಪಾನೀಯಗಳಿಂದ ಆ ಹೆಸರನ್ನು ತೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಅದಕ್ಕಾಗಿ ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಬೇಕಾಯಿತು.

ಕೀಟನಾಶಕದ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಕನ್ನಡ ಇರುತ್ತದೆ, ನಿಜ. ಹಲವು ಭಾಷೆಗಳ ನಡುವೆ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ. ಡಬ್ಬಿಯ ಮೇಲಿನ ಬಣ್ಣದ ಗುರುತಿನಲ್ಲಿ ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಕೂಡ ವಿಷವೇ, ಕಡಿಮೆ ವಿಷ ಎಂದಷ್ಟೇ. ಹಸಿರು ಕಂಡರೆ 'ಏನೂ ಆಗಲ್ಲ ಬಿಡು' ಎನ್ನುವ ರೈತರಿಗೆ ಇದನ್ನು ಅಂಗಡಿಯವರು ಬಾಯಲ್ಲಿ ಹೇಳಬೇಕು. ಚಿತ್ರ, ಬಣ್ಣ ಇದ್ದರೆ ಎಲ್ಲರಿಗೂ ತಿಳಿಯುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ.

ಕಾರ್ಖಾನೆಯ ಒಳಕ್ಕೆ ಬರೋಣ. 1948ರ ಫ್ಯಾಕ್ಟರಿ ಕಾಯ್ದೆಯ 108ನೇ ಕಲಮು, ಕಾಯ್ದೆ ಬೇಡುವ ನೋಟಿಸುಗಳನ್ನೆಲ್ಲ ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಮುಖ್ಯದ್ವಾರದ ಹತ್ತಿರ ಹಾಕಬೇಕೆಂದು ಹೇಳಿತು. ಸ್ವಾತಂತ್ರ್ಯ ಬಂದ ಮರುವರ್ಷದ ಮಾತು ಇದು. ಅದಕ್ಕೂ ಮುಂಚೆ, 1946ರ ಸ್ಥಾಯೀ ಆದೇಶಗಳ ಕಾಯ್ದೆ, ರಜೆ, ಹಾಜರಿ, ಶಿಸ್ತುಕ್ರಮದ ನಿಯಮಗಳ ಬಗ್ಗೆ ಇದನ್ನೇ ಹೇಳಿತ್ತು. 'ಯಂತ್ರದ ಕಾರ್ಯಾಚರಣೆಯ ಸಂದರ್ಭದಲ್ಲಿ ಸುರಕ್ಷತಾ ಕವಚವನ್ನು ನಿಷ್ಕ್ರಿಯಗೊಳಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ' ಎಂದು ಬರೆದರೆ ಕಾಯ್ದೆಯ ಅಕ್ಷರ ಪಾಲನೆಯಾಯಿತು. ರಾತ್ರಿ ಪಾಳಿಯ ಹುಡುಗನಿಗೆ ಬೇಕಾದದ್ದು ಇಷ್ಟು: 'ಮಿಷಿನ್ ಓಡುವಾಗ ಗಾರ್ಡ್ ತೆಗೆಯಬೇಡಿ. ಏನಾದರೂ ಸಿಕ್ಕಿಕೊಂಡರೆ ಕೆಂಪು ಬಟನ್ ಒತ್ತಿ. ಮೇನ್ ಆಫ್ ಮಾಡಿ. ಸೂಪರ್‌ವೈಸರನ್ನು ಕರೆಯಿರಿ. ಕೈ ಹಾಕಬೇಡಿ.'

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಕೈಗಾರಿಕಾ ಪ್ರದೇಶಗಳಲ್ಲಿ ಬಿಹಾರ, ಒಡಿಶಾ, ಉತ್ತರಪ್ರದೇಶದ ಹುಡುಗರೂ ನಮ್ಮ ಹುಡುಗರ ಪಕ್ಕದಲ್ಲೇ ದುಡಿಯುತ್ತಾರೆ. ಕಾಯ್ದೆ 'ಬಹುಪಾಲು ಕಾರ್ಮಿಕರು' ಎಂದಿತು. ಮಿಷಿನ್ನು ಬಹುಪಾಲಿನವರು ಯಾರು, ಉಳಿದವರು ಯಾರು ಎಂದು ನೋಡುವುದಿಲ್ಲ. ಅವರ ಭಾಷೆಯಲ್ಲೂ ಆ ಐದು ಸಾಲು ಬರೆಯಿಸುವುದು ನಮ್ಮ ಕರ್ತವ್ಯ. ಇಂಗ್ಲಿಷ್ ಬಾರದ್ದಕ್ಕೆ ಕನ್ನಡಿಗ ನಷ್ಟಪಡಬಾರದು ಎಂದು ವಾದಿಸುವ ನಾವು, ಕನ್ನಡ ಬಾರದ ಕೂಲಿಯವನ ಕೈ ಹೋದರೂ ಸುಮ್ಮನಿದ್ದರೆ ನಮ್ಮ ವಾದಕ್ಕೆ ಅರ್ಥವಿಲ್ಲ.

ಹೊರಗಿನ ಜಗತ್ತು ಸರಳ ಭಾಷೆಯ ದಾರಿಯಲ್ಲಿ ಸಾಕಷ್ಟು ನಡೆದಿದೆ. ನ್ಯೂಯಾರ್ಕಿನ ಸಿಟಿಬ್ಯಾಂಕ್ 1975ರಲ್ಲೇ ತನ್ನ ವೈಯಕ್ತಿಕ ಸಾಲದ ಪತ್ರವನ್ನು ಜನರ ಮಾತಿಗೆ ತಿರುಗಿಸಿ ಬರೆಯಿತು. 1979ರಲ್ಲಿ ಕ್ರಿಸ್ಸಿ ಮಾಹೆರ್ ಎಂಬ ಮಹಿಳೆ ಲಂಡನ್ನಿನ ಪಾರ್ಲಿಮೆಂಟಿನ ಎದುರು ಸರ್ಕಾರಿ ಅರ್ಜಿ ನಮೂನೆಗಳನ್ನು ಚೂರುಚೂರು ಮಾಡಿ ಸರಳ ಇಂಗ್ಲಿಷಿನ ಚಳವಳಿ ಶುರುಮಾಡಿದರು. ಬಡತನದಲ್ಲಿ ಬೆಳೆದ ಆಕೆ ಓದಲು ಕಲಿತದ್ದೇ ಹರೆಯದಲ್ಲಿ. ಅಮೆರಿಕದಲ್ಲಿ 2010ರಲ್ಲಿ, ನ್ಯೂಜಿಲೆಂಡಿನಲ್ಲಿ 2022ರಲ್ಲಿ ಇದಕ್ಕಾಗಿ ಕಾಯ್ದೆಗಳೇ ಬಂದವು. 2023ರ ಐಎಸ್‌ಒ ಮಾನದಂಡವೊಂದು ಸರಳ ಭಾಷೆಯ ಪರೀಕ್ಷೆಯನ್ನು ಓದುಗನ ಕಡೆಯಿಂದ ಇಡುತ್ತದೆ: ಬೇಕಾದದ್ದು ಸಿಗಬೇಕು, ಸಿಕ್ಕಿದ್ದು ತಿಳಿಯಬೇಕು, ತಿಳಿದದ್ದು ಉಪಯೋಗಕ್ಕೆ ಬರಬೇಕು. ನಮ್ಮಲ್ಲಿಯೂ ಇದು ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಎಂದರು. ಏಜೆಂಟರು ಮನೆ ಬಾಗಿಲಿಗೆ ಹೋಗಿ ಜನರ ಮಾತಿನಲ್ಲೇ ವಿವರಿಸಿ ಹಣ ಪಡೆದರು. ದುಡ್ಡು ತೆಗೆದುಕೊಳ್ಳುವಾಗ ಬಂದ ಸರಳ ಮಾತು ಸಾಲ ಕೊಡುವಾಗಲೂ ಬರಬೇಕು.

ಈ ಸಭೆಯಲ್ಲಿರುವ ಕಾರ್ಖಾನೆಗಳ ಎಚ್‌ಆರ್ ಅಧಿಕಾರಿಗಳಲ್ಲಿ, ಬ್ಯಾಂಕಿನವರಲ್ಲಿ ನನ್ನ ಬೇಡಿಕೆ ಚಿಕ್ಕದು. ಇಂಗ್ಲಿಷಿನಲ್ಲಿ ಬರೆದು ಮುಗಿಸಿ, ಅಚ್ಚಿಗೆ ಹೋಗುವ ಹಿಂದಿನ ದಿನ ಕನ್ನಡಕ್ಕೆ ತಿರುಗಿಸಲು ಕಳಿಸಬೇಡಿ, ಕಂಪ್ಯೂಟರಿನ ಅನುವಾದಕ್ಕೆ ಹಾಕಿ ಬಂದದ್ದನ್ನು ಹಾಗೇ ಅಂಟಿಸಬೇಡಿ. ಮೊದಲೇ ಕನ್ನಡದಲ್ಲಿ ಬರೆಯುವವರನ್ನು ಕೂರಿಸಿ; ತುಮಕೂರಿನ ಕಾಲೇಜುಗಳಿಂದ ವರ್ಷವರ್ಷವೂ ಕನ್ನಡ ಓದಿದ ಹುಡುಗರು ಕೆಲಸ ಹುಡುಕಿಕೊಂಡು ಹೊರಬರುತ್ತಾರೆ. ಬರೆದದ್ದನ್ನು ನಿಮ್ಮ ಸೆಕ್ಯುರಿಟಿಯವರಿಗೂ ಕ್ಯಾಂಟೀನಿನ ಅಕ್ಕನಿಗೂ ಕೊಟ್ಟು ಓದಿಸಿ. ಓದಿದ ಮೇಲೆ 'ಈಗ ನೀವೇನು ಮಾಡುತ್ತೀರಿ?' ಎಂದು ಕೇಳಿ. ಉತ್ತರ ಸರಿಯಿದ್ದರೆ ಅಚ್ಚಿಗೆ ಕಳಿಸಿ.

ಸಾಲ ತೆಗೆದುಕೊಳ್ಳುವ ನನ್ನ ಬಂಧುಗಳಲ್ಲಿ ಒಂದೇ ಮನವಿ. ಪೆನ್ನು ಹಿಡಿಯುವ ಮುಂಚೆ 'ಕೆಎಫ್‌ಎಸ್ ಕನ್ನಡದಲ್ಲಿ ಕೊಡಿ' ಎಂದು ಬಾಯಿಬಿಟ್ಟು ಕೇಳಿ. ನಾಚಿಕೆಪಡಬೇಡಿ, ಕೇಳುವುದು ನಿಮ್ಮ ಹಕ್ಕು. 'ನೂರಕ್ಕೆ ತಿಂಗಳಿಗೆ ಎಷ್ಟು ಬೀಳುತ್ತೆ?' ಎಂದು ಕೇಳಿ, ಅದನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಕೊಡದಿದ್ದರೆ ಮನೆಗೆ ಬನ್ನಿ, ಸಾಲ ನಾಳೆಯೂ ಸಿಗುತ್ತದೆ. ಸಾಲ ಸಂಸ್ಥೆಗಳ ಮೇಲಿನ ದೂರಿಗೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448, ಸರಕು ಸೇವೆಗಳ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನೀವು ಕೊಟ್ಟ ಬೆಲೆ ಐದು ಲಕ್ಷ ರೂಪಾಯಿವರೆಗಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ.